ಜರ್ಮನಿಯ ಪಾಸ್ ಗಡಿಯಾಚೆ ಎಲ್ಲಿಯವರೆಗೆ ನಡೆಯುತ್ತದೆ?

ಪ್ರಶ್ನೆ: ನಾನು ಜರ್ಮನಿಯ ಉಲ್ಮ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್, ಅಂದರೆ ಜರ್ಮನಿಯ ಪ್ರಾದೇಶಿಕ ರೈಲುಗಳಲ್ಲಿ ಓಡಾಡುವ ತಿಂಗಳ ಪಾಸ್ ಇದೆ. ಅಪ್ಪ, ಅಮ್ಮ ಮೇ ಮತ್ತು ಜೂನ್‌ನಲ್ಲಿ ದಾವಣಗೆರೆಯಿಂದ ಬಂದು ನನ್ನ ಜೊತೆ ಇರುತ್ತಾರೆ. ಅವರನ್ನು ಸಾಲ್ಜ್‌ಬರ್ಗ್, ವಿಯೆನ್ನಾ, ರೈನ್ ಜಲಪಾತ, ಜ್ಯೂರಿಕ್, ಸಾಧ್ಯವಾದರೆ ವೆನಿಸ್‌ಗೂ ಕರೆದುಕೊಂಡು ಹೋಗಬೇಕು ಅಂತ ಆಸೆ. ಡಾಯ್ಚ್‌ಲಾಂಡ್ ಟಿಕೆಟ್ ಸಾಲ್ಜ್‌ಬರ್ಗ್‌ವರೆಗೂ ನಡೆಯುತ್ತದೆ ಎಂದು ಒಬ್ಬ ಗೆಳೆಯ ಹೇಳುತ್ತಾನೆ. ಗಡಿ ದಾಟಿದರೆ ದಂಡ ಗ್ಯಾರಂಟಿ ಎನ್ನುತ್ತಾನೆ ಇನ್ನೊಬ್ಬ. ಯಾವುದು ಸರಿ? ಅಪ್ಪ ಅಮ್ಮನಿಗೆ ಹಲವು ದೇಶಗಳಲ್ಲಿ ನಡೆಯುವ ಯೂರೇಲ್ ಪಾಸ್ ಕೊಳ್ಳಬೇಕೇ?

ಉತ್ತರ: ಸಾಲ್ಜ್‌ಬರ್ಗ್ ವಿಷಯದಲ್ಲಿ ಮೊದಲನೇ ಗೆಳೆಯ ಹೇಳಿದ್ದು ಸರಿ. ಆದರೆ ಎರಡನೇ ಗೆಳೆಯನ ಹೆದರಿಕೆಯನ್ನೂ ತಳ್ಳಿಹಾಕುವ ಹಾಗಿಲ್ಲ. ಅದೇ ಮ್ಯೂನಿಕ್, ಅದೇ ಸಾಲ್ಜ್‌ಬರ್ಗ್, ಅದೇ ಹಳಿ, ಆದರೂ ತಪ್ಪು ರೈಲು ಹತ್ತಿದರೆ ನಿಮ್ಮ ಟಿಕೆಟ್ ಇದ್ದೂ ಇಲ್ಲದ ಹಾಗೆ. ಜರ್ಮನಿಯಲ್ಲಿ ಅದಕ್ಕೆ ದಂಡ ಸಾಮಾನ್ಯವಾಗಿ 60 ಯೂರೋದಿಂದ ಶುರು.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಯುರೋಪಿನ ರೈಲು ಪಾಸುಗಳನ್ನು ದೇಶದ ಲೆಕ್ಕದಲ್ಲಿ ನೋಡಬೇಡಿ, ಸ್ಟೇಷನ್ ಲೆಕ್ಕದಲ್ಲಿ ನೋಡಿ. ಭೂಪಟದಲ್ಲಿ ಗಡಿ ಎಲ್ಲಿದೆ ಎನ್ನುವುದಕ್ಕಿಂತ, ಒಂದು ದೇಶದ ರೈಲ್ವೆ ತನ್ನ ದರಪಟ್ಟಿಯನ್ನು ಯಾವ ಸ್ಟೇಷನ್‌ನಲ್ಲಿ ಮುಗಿಸುತ್ತದೆ ಎನ್ನುವುದೇ ಮುಖ್ಯ. ಕೆಲವು ಕಡೆ ಆ ಸ್ಟೇಷನ್ ಗಡಿಗಿಂತ ಈಚೆ ಇರುತ್ತದೆ, ಕೆಲವು ಕಡೆ ಪಕ್ಕದ ದೇಶದ ಒಳಗೇ ಇರುತ್ತದೆ. ಡಾಯ್ಚ್‌ಲಾಂಡ್ ಟಿಕೆಟ್ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಮುಖ್ಯ ನಿಲ್ದಾಣ ಮತ್ತು ಕುಫ್‌ಸ್ಟೈನ್, ಸ್ವಿಟ್ಜರ್ಲೆಂಡಿನ ಬಾಸೆಲ್ ಬಾಡ್ ಮತ್ತು ಶಾಫ್‌ಹೌಸೆನ್, ನೆದರ್ಲೆಂಡ್ಸ್‌ನ ವೆನ್ಲೋ, ಪೋಲೆಂಡಿನ ಶ್ವಿನೌಯ್‌ಶ್ಚೆ, ಇಷ್ಟು ದೂರಕ್ಕೂ ನಡೆಯುತ್ತದೆ. ಆದರೆ ಪ್ರತಿಯೊಂದು ಕಡೆಯೂ ಆ ಸ್ಟೇಷನ್‌ವರೆಗೆ ಮಾತ್ರ. ಗಡಿಯಾಚೆಯ ಆ ಊರುಗಳ ಒಳಗಿನ ಬಸ್ಸು, ಟ್ರಾಮ್‌ಗೆ ಇದು ಬರುವುದಿಲ್ಲ.

ಎರಡನೆಯದು ರೈಲಿನ ಜಾತಿ. ಈ ಟಿಕೆಟ್ ಆರ್‌ಇ, ಆರ್‌ಬಿ, ಎಸ್-ಬಾನ್ ಥರದ ಪ್ರಾದೇಶಿಕ ರೈಲುಗಳಿಗೆ ಮಾತ್ರ. ಐಸಿಇ, ಐಸಿ, ಇಸಿ, ರೈಲ್‌ಜೆಟ್ ಎಂಬ ದೂರದ ವೇಗದ ರೈಲುಗಳು, ರಾತ್ರಿ ಓಡುವ ನೈಟ್‌ಜೆಟ್, ಯಾವುದಕ್ಕೂ ಇಲ್ಲ. ನಿಮ್ಮ ಅಮ್ಮನಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ: ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಫ್ರೀ, ರಾಜಹಂಸ, ಐರಾವತ ಹತ್ತಿದರೆ ದುಡ್ಡು ಕೊಡಬೇಕು ಅಲ್ವಾ, ಹಾಗೇ ಇದು. ಜರ್ಮನಿಯ ರೈಲ್ವೆಯಾದ ಡಿಬಿಯ ನ್ಯಾವಿಗೇಟರ್ ಆ್ಯಪ್‌ನಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ನಡೆಯುವ ರೈಲುಗಳನ್ನು ಮಾತ್ರ ತೋರಿಸು ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿಯೇ ಹುಡುಕಿ.

ಈಗ ನಿಮ್ಮ ಪಟ್ಟಿಗೆ ಬರೋಣ.

ಸಾಲ್ಜ್‌ಬರ್ಗ್‌ಗೆ ಉಲ್ಮ್‌ನಿಂದ ಆರ್‌ಇಯಲ್ಲಿ ಮ್ಯೂನಿಕ್, ಅಲ್ಲಿ ಬದಲಿಸಿ ಬಯೆರಿಷೆ ರೆಗಿಯೋಬಾನ್ ಎಂಬ ಕಂಪನಿಯ ಆರ್‌ಇ5. ಈ ರೈಲು ರೋಸೆನ್‌ಹೈಮ್, ಟ್ರೌನ್‌ಸ್ಟೈನ್, ಫ್ರೈಲಾಸಿಂಗ್ ದಾಟಿ ಸಾಲ್ಜ್‌ಬರ್ಗ್ ಮುಖ್ಯ ನಿಲ್ದಾಣಕ್ಕೆ ಹೋಗಿ ನಿಲ್ಲುತ್ತದೆ. ಕೊನೆಯವರೆಗೂ ನಿಮ್ಮ ಟಿಕೆಟ್ ನಡೆಯುತ್ತದೆ. ಮ್ಯೂನಿಕ್‌ನ ಬೋರ್ಡಿನಲ್ಲಿ ಇದರ ಜೊತೆಗೇ ವಿಯೆನ್ನಾ ಕಡೆಗೆ ಹೋಗುವ ರೈಲ್‌ಜೆಟ್, ಇಸಿ ಕೂಡ ಕಾಣುತ್ತವೆ. ಅವು ಬೇಗ ಹೋಗುತ್ತವೆ ಅಂತ ಅವಸರದಲ್ಲಿ ಹತ್ತಬೇಡಿ. ದಂಡ ಬೀಳುವುದು ಹೆಚ್ಚಾಗಿ ಇಲ್ಲೇ, ಗಡಿಯಲ್ಲಿ ಅಲ್ಲ.

ಸಾಲ್ಜ್‌ಬರ್ಗ್‌ನಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ ಎನ್ನುತ್ತೇನೆ. ಉಲ್ಮ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಹೋಗಿ ಅದೇ ದಿನ ವಾಪಸ್ ಬರುವುದು ವಯಸ್ಸಾದವರಿಗೆ ತುಂಬಾ ಜಾಸ್ತಿಯಾಗುತ್ತದೆ. 2025ರ ಮೇ ತಿಂಗಳಿಂದ ಸಾಲ್ಜ್‌ಬರ್ಗ್ ಪ್ರಾಂತ್ಯದಲ್ಲಿ ರಾತ್ರಿ ತಂಗುವ ಅತಿಥಿಗಳಿಗೆ ಅಲ್ಲಿನ ಬಸ್ಸು, ಲೋಕಲ್ ರೈಲುಗಳಲ್ಲಿ ಓಡಾಡಲು ಅತಿಥಿ ಟಿಕೆಟ್ ಸಿಗುತ್ತದೆ. ಹೋಟೆಲ್ ಬುಕ್ ಮಾಡಿದ ಮೇಲೆ ಅವರನ್ನೇ ಕೇಳಿ. ಡಾಯ್ಚ್‌ಲಾಂಡ್ ಟಿಕೆಟ್ ಸ್ಟೇಷನ್ ಬಾಗಿಲಲ್ಲಿ ಮುಗಿಯುತ್ತದೆ ಎಂದೆನಲ್ಲ, ಅಲ್ಲಿಂದ ಮುಂದಿನ ಓಡಾಟಕ್ಕೆ ಇದು ಸಿಕ್ಕ ಹಾಗಾಯಿತು.

ಸಾಲ್ಜ್‌ಬರ್ಗ್‌ನಿಂದ ವಿಯೆನ್ನಾಕ್ಕೆ ಸುಮಾರು ಎರಡೂವರೆ ಗಂಟೆ. ಇಲ್ಲಿ ಒಂದೇ ಹಳಿಯ ಮೇಲೆ ಎರಡು ಕಂಪನಿಗಳು ಓಡುತ್ತವೆ. ಒಂದು ಆಸ್ಟ್ರಿಯಾದ ಸರ್ಕಾರಿ ರೈಲ್ವೆ ಓಬಿಬಿ, ಇನ್ನೊಂದು ಖಾಸಗಿ ವೆಸ್ಟ್‌ಬಾನ್. ಓಬಿಬಿಯಲ್ಲಿ ಕೊಂಡ ಅಗ್ಗದ ಟಿಕೆಟ್ ಹಿಡಿದು ವೆಸ್ಟ್‌ಬಾನ್ ಹತ್ತುವಂತಿಲ್ಲ, ಅದನ್ನು ಹಿಡಿದು ಇದನ್ನೂ ಹತ್ತುವಂತಿಲ್ಲ. ಓಬಿಬಿಯ ಷ್ಪಾರ್‌ಷೀನೆ ಎಂಬ ಅಗ್ಗದ ಟಿಕೆಟ್ ಆ ಒಂದು ರೈಲಿಗೇ ಕಟ್ಟಿಹಾಕಿದ ಟಿಕೆಟ್. ಹತ್ತು ಗಂಟೆಯ ರೈಲಿಗೆ ಕೊಂಡಿದ್ದರೆ ಹನ್ನೊಂದರದ್ದಕ್ಕೆ ನಡೆಯುವುದಿಲ್ಲ. ಸಾಮಾನ್ಯ ದರದ ಟಿಕೆಟ್ ದುಬಾರಿ, ಆದರೆ ಅದಕ್ಕೆ ಆ ಕಟ್ಟು ಇಲ್ಲ.

ಪಾಸಿನ ಜೊತೆ ಟಿಕೆಟ್ ಜೋಡಿಸುವಾಗ ಜನ ದುಡ್ಡು ಕಳೆದುಕೊಳ್ಳುವುದು ಈ ಜಾಗದಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀವು ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್‌ವರೆಗೆ ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ ಹೋಗಿ, ಅಲ್ಲಿಂದ ವಿಯೆನ್ನಾಕ್ಕೆ ಷ್ಪಾರ್‌ಷೀನೆ ಕೊಂಡಿದ್ದೀರಿ ಎಂದುಕೊಳ್ಳಿ. ನಿಮ್ಮ ಕಣ್ಣಿಗೆ ಅದು ಒಂದೇ ಪ್ರಯಾಣ. ರೈಲ್ವೆಯವರ ಕಣ್ಣಿಗೆ ಅದು ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಒಪ್ಪಂದ. ಆರ್‌ಇ ನಲವತ್ತು ನಿಮಿಷ ತಡವಾಗಿ, ಸಾಲ್ಜ್‌ಬರ್ಗ್‌ನಲ್ಲಿ ನಿಮ್ಮ ರೈಲ್‌ಜೆಟ್ ಹೊರಟುಹೋಗಿದ್ದರೆ ಆ ಟಿಕೆಟ್ ಹೋದ ಹಾಗೆ. ಜರ್ಮನಿಯವರು ಸಾಲ್ಜ್‌ಬರ್ಗ್‌ವರೆಗಿನ ತಡಕ್ಕೆ ಮಾತ್ರ ಲೆಕ್ಕ ಹಾಕುತ್ತಾರೆ. ಡಾಯ್ಚ್‌ಲಾಂಡ್ ಟಿಕೆಟ್‌ನಲ್ಲಿ ಒಂದು ಗಂಟೆ ಮೀರಿದ ತಡಕ್ಕೆ ಸಿಗುವುದು 1.50 ಯೂರೋ, ಅದೂ ಒಟ್ಟು 4 ಯೂರೋ ಆಗುವವರೆಗೆ ಕೈಗೆ ಬರುವುದಿಲ್ಲ. ಆಸ್ಟ್ರಿಯಾದವರಿಗೆ ನೀವು ಎಲ್ಲಿಂದ ಬಂದಿರಿ ಎನ್ನುವುದೇ ಬೇಕಿಲ್ಲ. ಇನ್ನೊಂದು ಮಾತು. ಜರ್ಮನಿಯಲ್ಲಿ ಪೂರ್ತಿ ದರದ ಪ್ರಾದೇಶಿಕ ಟಿಕೆಟ್ ಇದ್ದವರು, ಗುರಿ ತಲುಪುವುದು 20 ನಿಮಿಷಕ್ಕಿಂತ ತಡವಾಗುವಂತಿದ್ದರೆ ಐಸಿಇ ಹತ್ತಿ, ಆಮೇಲೆ ಆ ಹಣ ವಾಪಸ್ ಕೇಳಬಹುದು. ಡಾಯ್ಚ್‌ಲಾಂಡ್ ಟಿಕೆಟ್‌ಗೆ ಆ ಸೌಲಭ್ಯ ಇಲ್ಲ, ಯಾಕೆಂದರೆ ಅದನ್ನು ಭಾರಿ ರಿಯಾಯಿತಿಯ ಟಿಕೆಟ್ ಎಂದು ಲೆಕ್ಕಕ್ಕೆ ಹಿಡಿದಿದ್ದಾರೆ.

ಅದೇ ನೀವು ಉಲ್ಮ್‌ನಿಂದ ವಿಯೆನ್ನಾವರೆಗೆ ಒಂದೇ ಟಿಕೆಟ್ ಕೊಂಡಿದ್ದರೆ ಚಿತ್ರವೇ ಬೇರೆ. 2023ರ ಜೂನ್ 7ರಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ, ಒಂದೇ ಒಪ್ಪಂದದ ಟಿಕೆಟ್ ಇದ್ದರೆ ಮಧ್ಯದ ರೈಲು ತಪ್ಪಿದರೂ ಕೊನೆಯ ಊರಿಗೆ ಮುಟ್ಟಿಸುವ ಹೊಣೆ ರೈಲ್ವೆಯದು. ಒಂದು ಗಂಟೆ ತಡವಾದರೆ ದರದ 25%, ಎರಡು ಗಂಟೆ ದಾಟಿದರೆ 50% ವಾಪಸ್ ಕೇಳಬಹುದು. ಪ್ರಕೃತಿ ವಿಕೋಪದಂಥ, ರೈಲ್ವೆಯ ಕೈಮೀರಿದ ಕಾರಣಗಳಿಗೆ ಈ ಪರಿಹಾರದಿಂದ ವಿನಾಯಿತಿ ಇದೆ.

ಹಾಗಾದರೆ ಯಾವುದು ಮಾಡಬೇಕು? ನೀವು ಒಬ್ಬರೇ ಆಗಿದ್ದರೆ ಪಾಸ್ ಜೊತೆ ಅಗ್ಗದ ಟಿಕೆಟ್ ಜೋಡಿಸಿ, ಮಧ್ಯೆ ಒಂದು ಗಂಟೆ ಬಿಟ್ಟುಕೊಳ್ಳಿ, ಸಾಕು. ಅಪ್ಪ ಅಮ್ಮ ಜೊತೆಗಿರುವಾಗ ಗಡಿಯ ಊರಿನಲ್ಲೇ ರಾತ್ರಿ ಉಳಿದು ಮರುದಿನ ಮುಂದಕ್ಕೆ ಹೋಗಿ. ನಿಮ್ಮ ಪಟ್ಟಿಗೆ ಇದು ತಾನಾಗಿಯೇ ಹೊಂದುತ್ತದೆ: ಮೊದಲ ದಿನ ಸಾಲ್ಜ್‌ಬರ್ಗ್, ರಾತ್ರಿ ಅಲ್ಲೇ, ಬೆಳಿಗ್ಗೆ ವಿಯೆನ್ನಾಕ್ಕೆ ಷ್ಪಾರ್‌ಷೀನೆ. ಆಗ ಜರ್ಮನಿಯ ರೈಲು ಎಷ್ಟು ತಡವಾದರೂ ಆಸ್ಟ್ರಿಯಾದ ಟಿಕೆಟ್‌ಗೆ ಏನೂ ಆಗುವುದಿಲ್ಲ. ಬರುವಾಗ ತಿರುಗಾಮುರುಗಾ. ವಿಯೆನ್ನಾದಿಂದ ಬರುವ ರೈಲು ತಡವಾದರೂ ಚಿಂತೆಯಿಲ್ಲ, ಸಾಲ್ಜ್‌ಬರ್ಗ್‌ನಿಂದ ಮುಂದಿನ ಯಾವ ಆರ್‌ಇ ಆದರೂ ಹತ್ತಬಹುದು. ಕೊನೆಯ ರೈಲು ಎಷ್ಟು ಗಂಟೆಗೆ ಎಂದು ಮಾತ್ರ ನೋಡಿಕೊಂಡಿರಿ.

ರೈನ್ ಜಲಪಾತ ಮತ್ತು ಜ್ಯೂರಿಕ್ ನಿಮಗೆ ನಿಜಕ್ಕೂ ಸುಲಭ. ಉಲ್ಮ್‌ನಿಂದ ಫ್ರೀಡ್ರಿಕ್ಸ್‌ಹಾಫೆನ್, ಅಲ್ಲಿಂದ ಬೋಡೆನ್‌ಸೀ ಸರೋವರದ ದಂಡೆಗುಂಟ ಜಿಂಗೆನ್ ಮೂಲಕ ಶಾಫ್‌ಹೌಸೆನ್. ಅಷ್ಟೂ ದೂರ ಜರ್ಮನಿಯ ಪ್ರಾದೇಶಿಕ ರೈಲು ಸಿಗುತ್ತದೆ, ನಿಮ್ಮ ಟಿಕೆಟ್ ಶಾಫ್‌ಹೌಸೆನ್‌ವರೆಗೂ ನಡೆಯುತ್ತದೆ. ಸ್ವಿಸ್ ನೆಲದ ಮೇಲೆ ಜರ್ಮನಿಯ ರೈಲು ಯಾಕೆ ಓಡುತ್ತದೆ ಎನ್ನುವುದಕ್ಕೆ ಒಂದು ಹಳೆಯ ಕಥೆ ಇದೆ. 1852ರಲ್ಲಿ ಬಾಡೆನ್ ಸಂಸ್ಥಾನ ಮತ್ತು ಸ್ವಿಟ್ಜರ್ಲೆಂಡ್ ಒಂದು ಒಪ್ಪಂದ ಮಾಡಿಕೊಂಡವು. ಬಾಡೆನ್ ತನ್ನ ರೈಲು ಹಳಿಯನ್ನು ಬಾಸೆಲ್ ಮತ್ತು ಶಾಫ್‌ಹೌಸೆನ್ ಪ್ರದೇಶದ ಮೂಲಕ ಎಳೆದುಕೊಳ್ಳಲು ಅದರಿಂದ ಒಪ್ಪಿಗೆ ಸಿಕ್ಕಿತು. ಬಾಡೆನ್ ಎಂಬ ಸಂಸ್ಥಾನ ಈಗಿಲ್ಲ. ಆ ಹಳಿ ಮಾತ್ರ ಇವತ್ತಿಗೂ ಜರ್ಮನಿಯ ರೈಲ್ವೆಯ ಕೈಯಲ್ಲಿದೆ. ನಿಮ್ಮ ಪಾಸ್ ಸ್ವಿಸ್ ಊರಿನವರೆಗೆ ಹೋಗುವುದರ ಹಿಂದೆ ಇರುವುದು ಅದೇ.

ಶಾಫ್‌ಹೌಸೆನ್‌ನಿಂದ ಜಲಪಾತ ಸುಮಾರು 3 ಕಿ.ಮೀ. ಅದು ಪಕ್ಕದ ನಾಯ್‌ಹೌಸೆನ್‌ನಲ್ಲಿದೆ. ಎತ್ತರ 23 ಮೀಟರ್ ಅಷ್ಟೇ, ಅಗಲ 150 ಮೀಟರ್. ಜೋಗ ನೋಡಿ ಬೆಳೆದ ಕಣ್ಣಿಗೆ ಎತ್ತರ ಏನೂ ಅನಿಸದಿರಬಹುದು. ಆದರೆ ಮೇ, ಜೂನ್‌ನಲ್ಲಿ ಆಲ್ಪ್ಸ್‌ನ ಹಿಮ ಕರಗಿ ನೀರು ತುಂಬಿರುತ್ತದೆ. ದೋಣಿಯಲ್ಲಿ ನಡುವಿನ ಬಂಡೆಯ ಹತ್ತಿರ ಹೋದಾಗ ಪಕ್ಕದವರ ಮಾತು ಕೇಳಿಸುವುದಿಲ್ಲ, ಅಷ್ಟು ಸದ್ದು. ನೀವು ಬರುವ ತಿಂಗಳುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಶಾಫ್‌ಹೌಸೆನ್‌ನಿಂದ ಆಚೆಗೆ ಸ್ವಿಸ್ ಟಿಕೆಟ್ ಬೇಕು. ಅದೇ ದಿನ ಜಲಪಾತ, ಜ್ಯೂರಿಕ್ ಎರಡೂ ನೋಡುವುದಾದರೆ ಸ್ವಿಸ್ ರೈಲ್ವೆಯಾದ ಎಸ್‌ಬಿಬಿಯ ಆ್ಯಪ್‌ನಲ್ಲಿ ಸೇವರ್ ಡೇ ಪಾಸ್ ಹುಡುಕಿ. ತುಂಬಾ ಮೊದಲೇ ಕೊಂಡರೆ ಇದರ ದರ 52 ಫ್ರಾಂಕ್‌ನಿಂದ ಶುರುವಾಗುತ್ತದೆ, ದಿನ ಹತ್ತಿರ ಬಂದ ಹಾಗೆ ಏರುತ್ತದೆ. ಆರು ತಿಂಗಳು ಮುಂಚೆಯೇ ಮಾರಾಟ ಶುರು. ಒಂದು ದಿನ ಪೂರ್ತಿ ದೇಶದ ರೈಲು, ಬಸ್ಸು, ಹೆಚ್ಚಿನ ಊರುಗಳ ಟ್ರಾಮ್, ಸರೋವರದ ದೋಣಿ ಎಲ್ಲಾ ಸೇರಿರುತ್ತದೆ. ಜಲಪಾತದ ದೋಣಿಗೆ ಮಾತ್ರ ಬೇರೆ ಟಿಕೆಟ್. ಶಾಫ್‌ಹೌಸೆನ್‌ನಿಂದ ಜ್ಯೂರಿಕ್‌ಗೆ ಹೋಗಿ ಬರುವುದಷ್ಟೇ ಆಗಿದ್ದರೆ ಬಿಡಿ ಟಿಕೆಟ್ ದರವನ್ನೂ ಪಕ್ಕದಲ್ಲಿಟ್ಟು ನೋಡಿ. ಎಷ್ಟೋ ಸಲ ಬಿಡಿ ಟಿಕೆಟ್ಟೇ ಕಡಿಮೆ ಬೀಳುತ್ತದೆ.

ಸ್ವಿಸ್ ಟಿಕೆಟ್‌ಗಳ ಒಂದು ಗುಣ ನನಗೆ ತುಂಬಾ ಇಷ್ಟ. ಸಾಮಾನ್ಯ ಟಿಕೆಟ್ಟೇ ಆಗಲಿ, ಡೇ ಪಾಸ್ ಆಗಲಿ, ಯಾವ ಒಂದು ರೈಲಿಗೂ ಕಟ್ಟುಬಿದ್ದಿಲ್ಲ. ಜರ್ಮನಿಯ ರೈಲು ತಡವಾಗಿ ಬಂದರೂ ಮುಂದಿನ ರೈಲು ಹತ್ತಿದರಾಯಿತು. ಪಾಸ್ ಜೊತೆ ಜೋಡಿಸಲು ಇದಕ್ಕಿಂತ ನೆಮ್ಮದಿಯ ಟಿಕೆಟ್ ಇಲ್ಲ. ಸೂಪರ್‌ಸೇವರ್ ಎಂಬುದು ಮಾತ್ರ ಒಂದೇ ರೈಲಿನದ್ದು, ಅದರಿಂದ ದೂರ ಇರಿ.

ಮುಂದೆ ಯಾವತ್ತಾದರೂ ಬಾಸೆಲ್ ಕಡೆಗೆ ಹೋದರೆ ಒಂದು ಗೊಂದಲ ಇದೆ, ಈಗಲೇ ಹೇಳಿಬಿಡುತ್ತೇನೆ. ಬಾಸೆಲ್‌ನಲ್ಲಿ ಎರಡು ದೊಡ್ಡ ಸ್ಟೇಷನ್. ಬಾಸೆಲ್ ಬಾಡ್ ಇರುವುದು ಸ್ವಿಸ್ ನೆಲದಲ್ಲಿ, ನಡೆಸುವುದು ಜರ್ಮನಿಯವರು. ನಿಮ್ಮ ಟಿಕೆಟ್ ಅಲ್ಲಿಗೆ ಮುಗಿಯುತ್ತದೆ. ಸ್ವಿಸ್ ರೈಲುಗಳು ಹೆಚ್ಚಾಗಿ ಹೊರಡುವುದು ಬಾಸೆಲ್ ಎಸ್‌ಬಿಬಿಯಿಂದ. ನಡುವೆ ರೈಲಿನಲ್ಲಿ ಕೆಲವೇ ನಿಮಿಷ, ಆದರೆ ಆ ಕೆಲವು ನಿಮಿಷಕ್ಕೂ ಸ್ವಿಸ್ ಟಿಕೆಟ್ ಬೇಕು. ಇಲ್ಲವೇ 2ನೇ ನಂಬರ್ ಟ್ರಾಮ್ ಹಿಡಿಯಬಹುದು, ಅದಕ್ಕೂ ಟಿಕೆಟ್ ಬೇಕೇ ಬೇಕು. ಸ್ವಿಸ್ ಡೇ ಪಾಸ್ ಅಥವಾ ಸ್ವಿಸ್ ಟ್ರಾವೆಲ್ ಪಾಸ್ ಕೊಂಡಿದ್ದರೆ ಅವು ಬಾಸೆಲ್ ಬಾಡ್‌ನಿಂದಲೇ ನಡೆಯುತ್ತವೆ. ಎರಡು ದೇಶದ ಪಾಸುಗಳು ನಡುವೆ ಸಂದು ಇಲ್ಲದೆ ಒಂದೇ ಸ್ಟೇಷನ್‌ನಲ್ಲಿ ಸೇರುತ್ತವೆ.

ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ನೋಡುವ ಮನಸ್ಸಿದ್ದರೆ ಪಾಸ್‌ನಲ್ಲಿ ಜರ್ಮನಿಯ ಗಡಿಯ ಊರು ಕೇಲ್‌ವರೆಗೆ ಹೋಗಿ. 2017ರಿಂದ ಅಲ್ಲಿಂದ ಸ್ಟ್ರಾಸ್‌ಬರ್ಗ್‌ನ ಟ್ರಾಮ್ ರೈನ್ ನದಿಯ ಸೇತುವೆ ದಾಟಿಸುತ್ತದೆ. ಟ್ರಾಮ್ ಟಿಕೆಟ್ ಬೇರೆ. ಲಕ್ಸೆಂಬರ್ಗ್ ಇನ್ನೂ ಸಲೀಸು. 2020ರಿಂದ ಆ ದೇಶದಲ್ಲಿ ಎರಡನೇ ದರ್ಜೆಯ ಪ್ರಯಾಣ ಎಲ್ಲರಿಗೂ ಉಚಿತ. ಟ್ರಿಯರ್ ಕಡೆಯಿಂದ ಗಡಿಯವರೆಗೆ ನಿಮ್ಮ ಪಾಸ್, ಅಲ್ಲಿಂದ ಆಚೆಗೆ ಏನೂ ಬೇಡ.

ವೆನಿಸ್‌ಗೆ ಪಾಸ್‌ನ ಜಾಣತನ ಮಾಡಬೇಡಿ. ಮಾಡಲು ಆಗುವುದೇ ಇಲ್ಲ ಅಂತಲ್ಲ. ಮ್ಯೂನಿಕ್‌ನಿಂದ ಕುಫ್‌ಸ್ಟೈನ್‌ವರೆಗೆ ಪ್ರಾದೇಶಿಕ ರೈಲಿನಲ್ಲಿ ಪಾಸ್ ನಡೆಯುತ್ತದೆ. ಮ್ಯೂನಿಕ್‌ನಿಂದ ಬ್ರೆನ್ನರ್ ಕಣಿವೆಯ ಮೂಲಕ ಇಟಲಿಗೆ ಹೋಗುವ ದೂರದ ರೈಲುಗಳು ಕುಫ್‌ಸ್ಟೈನ್‌ನಲ್ಲೂ ನಿಲ್ಲುತ್ತವೆ. ಹಾಗಾಗಿ ಕುಫ್‌ಸ್ಟೈನ್‌ನಿಂದ ಟಿಕೆಟ್ ಕೊಂಡು ಅಲ್ಲಿ ಹತ್ತಬಹುದು. ಆದರೆ ಉಳಿಯುವುದು ಸ್ವಲ್ಪ ಹಣ, ಕೈಗೆ ಬರುವುದು ಸಾಮಾನು ಹೊತ್ತು ಇನ್ನೊಂದು ಸಲ ಇಳಿದು ಹತ್ತುವ ಕೆಲಸ, ಮೇಲೆ ರೈಲು ತಪ್ಪಿದರೆ ಇಡೀ ದಿನ ಹೋಯಿತು. ಉಲ್ಮ್‌ನಿಂದ ವೆನಿಸ್‌ಗೆ ಒಂದೇ ಟಿಕೆಟ್ ತೆಗೆದುಕೊಳ್ಳಿ. ಡಿಬಿಯ ಷ್ಪಾರ್‌ಪ್ರೈಸ್ ಯೂರೋಪಾ ಎಂಬ ಅಗ್ಗದ ದರ ಮತ್ತು ಓಬಿಬಿಯ ದರ ಎರಡನ್ನೂ ನೋಡಿ. ಅದೇ ರೈಲಿಗೆ ಇಬ್ಬರ ದರ ಬೇರೆ ಬೇರೆ ಇರುವುದುಂಟು. ಬುಕ್ಕಿಂಗ್ ತೆರೆದ ಕೂಡಲೇ ಕೊಂಡರೆ ಅಗ್ಗ. ಸೀಟನ್ನೂ ಕಾಯ್ದಿರಿಸಿ, ಬೇಸಿಗೆಯಲ್ಲಿ ಈ ರೈಲುಗಳು ತುಂಬಿರುತ್ತವೆ.

ಇನ್ನು ಯೂರೇಲ್. ನಿಮ್ಮ ಈ ಪಟ್ಟಿಗೆ ಬೇಡ. 33 ದೇಶಗಳ ಆ ಪಾಸ್ ಒಳ್ಳೆಯದೇ, ದಿನಕ್ಕೊಂದು ದೂರದ ಊರು ಅಂತ ಓಡುವವರಿಗೆ. ಉಲ್ಮ್‌ನಲ್ಲಿ ಮನೆ ಇಟ್ಟುಕೊಂಡು ವಾರಕ್ಕೊಮ್ಮೆ ಹೊರಗೆ ಹೋಗುವವರಿಗೆ ಅದರ ದುಡ್ಡು ಹುಟ್ಟುವುದಿಲ್ಲ. ಇನ್ನೊಂದು ತೊಡಕು ನಿಮಗೆ ಗೊತ್ತಿರಲಿ: ಯೂರೇಲ್ ಯುರೋಪಿನ ಹೊರಗೆ ವಾಸಿಸುವವರಿಗೆ, ಇಂಟರ್‌ರೇಲ್ ಯುರೋಪಿನಲ್ಲಿ ವಾಸಿಸುವವರಿಗೆ. ನೋಡುವುದು ವಾಸದ ವಿಳಾಸ, ಪಾಸ್‌ಪೋರ್ಟ್ ಅಲ್ಲ. ಅಪ್ಪ ಅಮ್ಮ ಯೂರೇಲ್ ಕೊಳ್ಳಬಹುದು, ನೀವು ಭಾರತದ ಪಾಸ್‌ಪೋರ್ಟ್ ಇದ್ದರೂ ಇಂಟರ್‌ರೇಲ್‌ಗೇ ಸೇರುತ್ತೀರಿ. ಇಂಟರ್‌ರೇಲ್‌ನ ಗ್ಲೋಬಲ್ ಪಾಸ್‌ನಲ್ಲಿ ಸ್ವಂತ ವಾಸದ ದೇಶದೊಳಗೆ ಒಂದು ಹೋಗುವ, ಒಂದು ಬರುವ ಪ್ರಯಾಣ ಮಾತ್ರ. ಯುರೋಪಿನ ಹೊರಗಿನವರಿಗೆ ಜರ್ಮನ್ ರೇಲ್ ಪಾಸ್ ಅಂತಲೂ ಇದೆ. ಅದರಲ್ಲಿ ಐಸಿಇ ಕೂಡ ಸೇರುತ್ತದೆ, ಸಾಲ್ಜ್‌ಬರ್ಗ್, ಬಾಸೆಲ್ ಬಾಡ್‌ವರೆಗೂ ನಡೆಯುತ್ತದೆ. ಕೆಲವೇ ದಿನದಲ್ಲಿ ಬರ್ಲಿನ್, ಹ್ಯಾಂಬರ್ಗ್ ಸುತ್ತುವುದಿದ್ದರೆ ಅಪ್ಪ ಅಮ್ಮನಿಗೆ ಅದನ್ನು ಯೋಚಿಸಿ.

ಅವರಿಬ್ಬರಿಗೂ ಮೇ, ಜೂನ್‌ಗೆ ಡಾಯ್ಚ್‌ಲಾಂಡ್ ಟಿಕೆಟ್ಟನ್ನೇ ಮಾಡಿಸಿ. 2023ರ ಮೇನಲ್ಲಿ ಶುರುವಾದಾಗ ತಿಂಗಳಿಗೆ 49 ಯೂರೋ ಇತ್ತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಪ್ರವಾಸಿಗಳೂ ಕೊಳ್ಳಬಹುದು. ಒಬ್ಬರ ಹೆಸರಿನದ್ದು ಇನ್ನೊಬ್ಬರಿಗೆ ನಡೆಯುವುದಿಲ್ಲ, ಅದಕ್ಕೆ ಇಬ್ಬರಿಗೂ ಬೇರೆ ಬೇರೆ ಬೇಕು. ಇದು ಚಂದಾ ಟಿಕೆಟ್. ನೀವು ನಿಲ್ಲಿಸುವವರೆಗೆ ತಿಂಗಳು ತಿಂಗಳು ಹಣ ಕತ್ತರಿಸುತ್ತದೆ. ಜೂನ್ ಕೊನೆಗೆ ನಿಲ್ಲಬೇಕಾದರೆ ಜೂನ್ 10ರೊಳಗೆ ರದ್ದು ಮಾಡಬೇಕು. 11ನೇ ತಾರೀಕು ನೆನಪಾದರೆ ಜುಲೈ ಹಣವೂ ಹೋಗುತ್ತದೆ. ಟಿಕೆಟ್ ಅವರ ಫೋನಿನಲ್ಲೇ ಇರಲಿ, ಗಡಿಗೆ ಹೋಗುವ ಮೊದಲೇ ಒಮ್ಮೆ ತೆರೆದು ನೋಡಿ. ಸ್ವಿಟ್ಜರ್ಲೆಂಡ್ ಒಕ್ಕೂಟದ ಹೊರಗಿದೆ, ನಿಮ್ಮ ಜರ್ಮನ್ ಸಿಮ್‌ನ ರೋಮಿಂಗ್ ಅಲ್ಲಿ ಸೇರಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಅಸಲಿ ಪಾಸ್‌ಪೋರ್ಟ್ ಎಲ್ಲರ ಹತ್ತಿರವೂ ಇರಲೇಬೇಕು. ಷೆಂಗನ್ ವೀಸಾ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಇಟಲಿಗೂ ನಡೆಯುತ್ತದೆ. ಆದರೆ 2024ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ತನ್ನ ಎಲ್ಲಾ ಭೂಗಡಿಗಳಲ್ಲಿ ತಪಾಸಣೆ ಶುರು ಮಾಡಿತು. ಸಾಲ್ಜ್‌ಬರ್ಗ್‌ನಿಂದ ವಾಪಸ್ ಬರುವಾಗ ಫ್ರೈಲಾಸಿಂಗ್ ಹತ್ತಿರ ಪೊಲೀಸರು ರೈಲಿನೊಳಗೆ ಬಂದು ಕಾಗದ ಕೇಳಬಹುದು. ಅಪ್ಪ ಅಮ್ಮನಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಸುಮ್ನೆ ಗಾಬರಿಯಾಗುತ್ತಾರೆ. ಪಾಸ್‌ಪೋರ್ಟ್ ತೋರಿಸಿದರೆ ಆಯಿತು. ನಿಮ್ಮ ವಾಸದ ಪರವಾನಗಿ ಕಾರ್ಡನ್ನೂ ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ಫೋನಿನಲ್ಲಿರುವ ಫೋಟೋ ನಡೆಯುವುದಿಲ್ಲ.

ವಿಮಾನ ಏಪ್ರಿಲ್ ಕೊನೆಯ ವಾರಕ್ಕೆ ಸಿಕ್ಕಿದರೆ ಆ ನಾಲ್ಕು ದಿನಕ್ಕೆ ಇನ್ನೊಂದು ತಿಂಗಳ ಟಿಕೆಟ್ ಮಾಡಿಸಬೇಡಿ. ಬವೇರಿಯಾ ರಾಜ್ಯಕ್ಕೆ ಬಯೆರ್ನ್ ಟಿಕೆಟ್ ಎಂಬ ಒಂದು ದಿನದ ಟಿಕೆಟ್ ಇದೆ. ಐದು ಜನರವರೆಗೆ ಸೇರಿಸಿ ಕೊಳ್ಳಬಹುದು, ಉಲ್ಮ್ ಬವೇರಿಯಾದಲ್ಲಿ ಇಲ್ಲದಿದ್ದರೂ ಅಲ್ಲಿಂದಲೇ ನಡೆಯುತ್ತದೆ, ಸಾಲ್ಜ್‌ಬರ್ಗ್, ಕುಫ್‌ಸ್ಟೈನ್‌ವರೆಗೂ ಹೋಗಬಹುದು. ಕೆಲಸದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ, ಶನಿವಾರ, ಭಾನುವಾರ ಮತ್ತು ರಜಾದಿನ ಮಧ್ಯರಾತ್ರಿಯಿಂದಲೇ. ಅಪ್ಪ ಅಮ್ಮ ಇಬ್ಬರ ಹೆಸರಿಗೆ ಒಂದೇ ತೆಗೆಸಿ, ನಿಮಗೆ ನಿಮ್ಮ ಟಿಕೆಟ್ ಇದ್ದೇ ಇದೆ.